ದಿನಕ್ಕೊಂದು ಪುಟ

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಹಣ ಕೂಡಿಡುವುದಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಚಿತ್ರಕಥೆ ಬರೆಯುವವರಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ನಮ್ಮ ನೋಯ್ಡಾದಲ್ಲಿ ಚಲನಚಿತ್ರದ ಹಂಬಲ ಹುಟ್ಟುವುದು ಸಹಜವೇ. 1976ರಲ್ಲಿ ಕೈಗಾರಿಕೆಗಳಿಗಾಗಿ ತಲೆಯೆತ್ತಿದ ಈ ಊರಿನ 16ಎ ಸೆಕ್ಟರಿನಲ್ಲಿ ‘ಫಿಲ್ಮ್ ಸಿಟಿ’ಯೇ ಇದೆ. ಅದರ ಪಕ್ಕದಲ್ಲಿ ನಿತ್ಯ ಕಚೇರಿಗೆ ಹೋಗಿಬರುವ ಕನ್ನಡಿಗರಲ್ಲಿ ಕೆಲವರ ತಲೆಯಲ್ಲಾದರೂ ಒಂದು ಕಥೆ ಇದ್ದೇ ಇರುತ್ತದೆ. ‘ಬಿಡುವಾದಾಗ ಬರೆದರಾಯಿತು’ ಎನ್ನುತ್ತಾರೆ. ಸಂಬಳಕ್ಕೆ ದುಡಿಯುವವರಿಗೆ ಬಿಡುವು ತಾನಾಗಿ ಬಂದದ್ದುಂಟೆ?

ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಉದ್ಯೋಗದಲ್ಲಿದ್ದರು. ಅವರ ‘ತುಘಲಕ್’ ನಾಟಕ ಹೊರಬಂದದ್ದು ಆ ಅವಧಿಯಲ್ಲೇ, 1964ರಲ್ಲಿ. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದವರೂ ಅವರೇ, 1970ರ ಆ ಚಿತ್ರ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿ ಪಡೆಯಿತು. ನಾಡಿನಿಂದ ದೂರವಿದ್ದು, ಕೆಲಸದಲ್ಲಿದ್ದು ಬರೆಯಲಾಗದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಲೆಕ್ಕ ಹಾಕಿ ನೋಡಿ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವೆಂಬುದು ಈ ಕಸುಬಿನ ರೂಢಿ. ಎರಡು ಗಂಟೆಯ ಚಿತ್ರಕ್ಕೆ 120 ಪುಟ. ದಿನಕ್ಕೊಂದರಂತೆ ನಾಲ್ಕು ತಿಂಗಳು. ಯುಗಾದಿಗೆ ಕೈಹಚ್ಚಿದರೆ, ನಡುವೆ ಕೆಲವು ದಿನ ತಪ್ಪಿದರೂ, ಗಣೇಶನ ಹಬ್ಬದ ಹೊತ್ತಿಗೆ ಮೊದಲ ಕರಡು ಸಿದ್ಧ.

ಇದಕ್ಕೆ ಬೇಕಾದದ್ದು ಗೊತ್ತಾದ ಹೊತ್ತು, ಗೊತ್ತಾದ ಜಾಗ. ಬೆಳಿಗ್ಗೆ ಮನೆಯವರು ಏಳುವ ಮುಂಚಿನ ಅರ್ಧ ಗಂಟೆ ಸಾಕು. ಮೊದಲೇ ದೃಶ್ಯಗಳ ಪಟ್ಟಿ ಮಾಡಿಟ್ಟುಕೊಂಡರೆ ‘ಇಂದು ಏನು ಬರೆಯಲಿ?’ ಎಂದು ಹೊತ್ತು ಕಳೆಯಬೇಕಾಗಿಲ್ಲ. ನಿನ್ನೆಯದನ್ನು ತಿದ್ದುತ್ತ ಕೂಡಬೇಡಿ. ತಿದ್ದುವುದಕ್ಕೆ ಕರಡು ಮುಗಿದ ಮೇಲೆ ಕಾಲವಿದೆ. ಮುಂದಿನ ಮಾತು ಇನ್ನೂ ಮನಸ್ಸಿನಲ್ಲಿರುವಾಗಲೇ ಲೇಖನಿ ಕೆಳಗಿಡಿ. ಮರುದಿನ ಆರಂಭ ಸುಲಭವಾಗುತ್ತದೆ.

ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇವೆರಡಕ್ಕೇ ಜಾಗ. ‘ಮುದುಕಿಗೆ ಮಗನ ನೆನಪಾಯಿತು’ ಎಂದು ಬರೆದರೆ ಛಾಯಾಗ್ರಾಹಕ ಏನನ್ನು ತೆಗೆಯಬೇಕು? ‘ಮುದುಕಿ ಎರಡು ತಟ್ಟೆ ಇಟ್ಟು, ಒಂದನ್ನು ಮತ್ತೆ ಎತ್ತಿಡುತ್ತಾಳೆ’ ಎಂದರೆ ದೃಶ್ಯವಾಯಿತು. ಈ ಕಣ್ಣು ದಿನದಿನದ ಅಭ್ಯಾಸದಿಂದಲೇ ಬರತಕ್ಕದ್ದು.

ಕಿವಿಯ ವಿಷಯದಲ್ಲಿ ನಮಗೆ ತೊಂದರೆ ಹೆಚ್ಚು. ಇಲ್ಲಿ ತರಕಾರಿಯವನಿಂದ ಮೆಟ್ರೋ ಗಾಡಿಯವರೆಗೆ ಹಿಂದಿಯೇ. ಆಡುಮಾತು ಕೇಳದೆ ವರ್ಷಗಳುರುಳಿದರೆ ನಮ್ಮ ಪಾತ್ರಗಳು ಪಠ್ಯಪುಸ್ತಕದಂತೆ ಮಾತಾಡತೊಡಗುತ್ತವೆ. ಆದ್ದರಿಂದ ಊರಿನ ಅಜ್ಜಿಗೋ ಸೋದರಮಾವನಿಗೋ ಫೋನು ಮಾಡಿದಾಗ, ಅವರಾಡಿದ ಒಂದು ಮಾತನ್ನು ಆಡಿದಂತೆಯೇ ಗುರುತುಹಾಕಿಕೊಳ್ಳಿ. ಬರೆದ ಸಂಭಾಷಣೆಯನ್ನು ವಾರಕ್ಕೊಮ್ಮೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಮಕ್ಕಳಿಗೂ ಒಂದೊಂದು ಪಾತ್ರ ಕೊಡಿ.

ಚಿತ್ರ ತಯಾರಾಗುವುದು ನಿರ್ಮಾಪಕರ ಕೈಯಲ್ಲಿದೆ. ಅದು ಆಗಬಹುದು, ಆಗದಿರಬಹುದು. ಮನೆಯಲ್ಲಿ ದಿನಕ್ಕೊಂದು ಪುಟದಷ್ಟು ಕನ್ನಡ ಉಳಿಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ.