ಒಂದೇ ಸೂರಿನಡಿ ಸಹಬಾಳ್ವೆ: ವಿಶೇಷಚೇತನರ ಮನೆಗಳಲ್ಲಿ ಸ್ವಯಂಸೇವೆ

ಬೌದ್ಧಿಕ ವೈಕಲ್ಯವುಳ್ಳ ಮಗನನ್ನೋ ಮಗಳನ್ನೋ ಸಾಕಿ ಸಲಹಿದ ತಂದೆ ತಾಯಂದಿರಿಗೆ ವಯಸ್ಸಾಗುತ್ತಾ ಬಂದಂತೆ ಒಂದು ಚಿಂತೆ ಎಡೆಬಿಡದೆ ಕಾಡುತ್ತದೆ: "ನಾವು ಕಣ್ಣು ಮುಚ್ಚಿದ ಮೇಲೆ ಈ ಮಗುವಿಗೆ ಯಾರು ದಿಕ್ಕು?" ನಲವತ್ತು ದಾಟಿದ ಮಗನನ್ನೂ ಅವರು 'ಮಗು' ಎಂದೇ ಕರೆಯುತ್ತಾರೆ. ಚಿಕ್ಕವರಿಗೆ ವಿಶೇಷ ಶಾಲೆಗಳುಂಟು. ಹದಿನೆಂಟು ತುಂಬಿದವರಿಗೆ ಏನುಂಟು? ಒಡಹುಟ್ಟಿದವರ ಮನೆಯ ಒಂದು ಮೂಲೆ, ಇಲ್ಲವೇ ದೊಡ್ಡ ಆಶ್ರಯಧಾಮವೊಂದರ ಸಾಲು ಮಂಚಗಳಲ್ಲಿ ಒಂದು ಮಂಚ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದು ಜಗತ್ತಿನ ಹಲವೆಡೆ ಹತ್ತಾರು ವರ್ಷಗಳಿಂದ ನಡೆದುಬಂದಿದೆ. ವಿಶೇಷಚೇತನರಾದ ವಯಸ್ಕರೂ ಹಾಗಲ್ಲದವರೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಉಂಡು ಬಾಳುವ ದಾರಿ ಅದು. ಅದರ ಸ್ವರೂಪವನ್ನೂ ಅಲ್ಲಿ ಸ್ವಯಂಸೇವಕರ ಪಾತ್ರವನ್ನೂ ಇಲ್ಲಿ ವಿವರಿಸಬಯಸುತ್ತೇವೆ.

ಎರಡು ಪರಂಪರೆಗಳು

ಹಿಟ್ಲರನ ವಶವಾದ ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಕಾರ್ಲ್ ಕೋನಿಗ್ ಎಂಬ ಮಕ್ಕಳ ವೈದ್ಯರು ತಮ್ಮ ಸಂಗಡಿಗರೊಂದಿಗೆ 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಬಳಿಯ ಕ್ಯಾಂಪ್‌ಹಿಲ್ ಎಂಬಲ್ಲಿ ನೆಲೆಸಿ, ವಿಶೇಷ ಮಕ್ಕಳೊಡನೆ ಒಂದೇ ಮನೆಯವರಾಗಿ ಬಾಳತೊಡಗಿದರು. ಆ ಮಕ್ಕಳು ಬೆಳೆದು ದೊಡ್ಡವರಾದಾಗ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1955ರಲ್ಲಿ ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ ವಯಸ್ಕರಿಗಾಗಿ ಬಾಟನ್ ಎಂಬ ಗ್ರಾಮ ಆರಂಭವಾಯಿತು. ಹೊಲ, ಹಟ್ಟಿ, ಬೇಕರಿ, ಕೈಕೆಲಸದ ಶಾಲೆಗಳಲ್ಲಿ ಪ್ರತಿಯೊಬ್ಬರಿಗೂ ಅವರವರ ಶಕ್ತಿಗೆ ತಕ್ಕ ಕೆಲಸವಿರಬೇಕೆಂಬುದು ಅಲ್ಲಿನ ನಿಯಮ. ಜೊತೆಗಿದ್ದು ದುಡಿಯುವವರು ಸಂಬಳ ಪಡೆಯುತ್ತಿರಲಿಲ್ಲ. ಅವರ ಅಗತ್ಯಗಳನ್ನು ಸಮುದಾಯವೇ ಪೂರೈಸುತ್ತಿತ್ತು.

ಎರಡನೆಯ ಪರಂಪರೆ 1964ರಲ್ಲಿ ಉತ್ತರ ಫ್ರಾನ್ಸಿನ ಟ್ರೋಸ್ಲಿ-ಬ್ರೂಯ್ ಎಂಬ ಹಳ್ಳಿಯಲ್ಲಿ ಹುಟ್ಟಿತು. ಕೆನಡಾ ಮೂಲದ ಜೀನ್ ವನಿಯೆ ಎಂಬವರು ಆಶ್ರಯಧಾಮವೊಂದರಲ್ಲಿದ್ದ ವಿಶೇಷಚೇತನ ಪುರುಷರನ್ನು ಕರೆತಂದು ಒಂದು ಸಣ್ಣ ಮನೆಯಲ್ಲಿ ಅವರೊಂದಿಗೆ ನೆಲೆಸಿದರು. ಆ ಮನೆಗೆ 'ಲಾರ್ಶ್', ಅಂದರೆ ನೌಕೆ, ಎಂದು ಹೆಸರಾಯಿತು. ಇಂದು ಆ ಬಗೆಯ ಸಮುದಾಯಗಳು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿವೆ. ಭಾರತದಲ್ಲಿ ಅದರ ಮೊದಲ ಮನೆ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ, 1970ರಲ್ಲಿ, 'ಆಶಾ ನಿಕೇತನ' ಎಂಬ ಹೆಸರಿನಿಂದ. ಕ್ರೈಸ್ತ ಹಿನ್ನೆಲೆಯಲ್ಲಿ ಹುಟ್ಟಿದ ಈ ಚಳವಳಿ ಭಾರತಕ್ಕೆ ಬಂದಾಗ ಹಿಂದೂ, ಮುಸ್ಲಿಂ, ಕ್ರೈಸ್ತರು ಒಂದೇ ಮನೆಯಲ್ಲಿ ಬಾಳುವ ರೂಪವನ್ನು ತಾಳಿತೆಂಬುದು ಗಮನಾರ್ಹ.

ಮನೆಯ ದಿನಚರಿ

ಲಾರ್ಶ್ ಮನೆಗಳಲ್ಲಿ ವಿಶೇಷಚೇತನರನ್ನು ರೋಗಿಗಳೆಂದಾಗಲಿ ಫಲಾನುಭವಿಗಳೆಂದಾಗಲಿ ಕರೆಯುವುದಿಲ್ಲ. ಅವರು ಮನೆಯ ಮೂಲ ಸದಸ್ಯರು. ಹೊರಗಿನಿಂದ ಬಂದು ಜೊತೆಗಿರುವವರು ಸಹಾಯಕರು. ಹೊರದೇಶಗಳಲ್ಲಿ ಸ್ವಯಂಸೇವಕರು ಸಾಮಾನ್ಯವಾಗಿ ಒಂದು ವರ್ಷದ ಅವಧಿಗೆ ಬರುತ್ತಾರೆ. ಊಟ, ವಸತಿ ಹಾಗೂ ಕೈಖರ್ಚಿಗೆ ಒಂದಿಷ್ಟು ಹಣ ದೊರೆಯುತ್ತದೆ.

ಅವರು ಮಾಡುವ ಕೆಲಸಗಳಲ್ಲಿ ದೊಡ್ಡದೆನಿಸುವಂಥದು ಯಾವುದೂ ಇಲ್ಲ. ಬೆಳಿಗ್ಗೆ ಏಳಲು, ಸ್ನಾನ ಮಾಡಲು, ಬಟ್ಟೆ ತೊಡಲು ಬೇಕಾದವರಿಗೆ ಬೇಕಾದಷ್ಟೇ ನೆರವು; ವೈದ್ಯರು ಬರೆದುಕೊಟ್ಟ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಟ್ಟು ಪುಸ್ತಕದಲ್ಲಿ ಗುರುತು ಹಾಕುವುದು; ತರಕಾರಿ ಹೆಚ್ಚುವುದು, ಸಂತೆಗೆ ಹೋಗುವುದು, ಪಾತ್ರೆ ತೊಳೆಯುವುದು. ಇವೆಲ್ಲವೂ ಮೂಲ ಸದಸ್ಯರ ಜೊತೆಗೂಡಿ ಆಗಬೇಕು. ಒಬ್ಬರೇ ಹತ್ತು ನಿಮಿಷದಲ್ಲಿ ಮುಗಿಸಬಹುದಾದ ತರಕಾರಿ ಕೆಲಸಕ್ಕೆ ಜೊತೆಗೂಡಿದಾಗ ಮುಕ್ಕಾಲು ಗಂಟೆ ಹಿಡಿಯಬಹುದು. ಹೊಸದಾಗಿ ಬಂದ ಸ್ವಯಂಸೇವಕರಿಗೆ ಕಠಿಣವೆನಿಸುವುದು ಈ ನಿಧಾನವೇ. ಚಾಕುವನ್ನು ಕಸಿದುಕೊಂಡು ತಾವೇ ಹೆಚ್ಚಿಬಿಟ್ಟರೆ ಅಡುಗೆ ಬೇಗ ಆಗುತ್ತದೆ; ಆದರೆ ಆ ಮನೆಯಲ್ಲಿ ಇನ್ನೊಬ್ಬರಿಗಿದ್ದ ಕೆಲಸವೂ ಸ್ಥಾನವೂ ಇಲ್ಲವಾಗುತ್ತವೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ಸದ್ಭಕ್ತರಿಗೆ ಈ ಮಾತು ಹೊಸದೆನಿಸಲಾರದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಒಂದೇ ಮನೆಯ ಬಾಳಿನಲ್ಲಿ ಈ ಮೇಲು ಕೀಳು ಹೆಚ್ಚು ದಿನ ನಿಲ್ಲುವುದಿಲ್ಲ. ಜ್ವರ ಬಂದು ಮಲಗಿದ ಸ್ವಯಂಸೇವಕನಿಗೆ ನೀರು ತಂದುಕೊಡುವವರು ಅವನು ನಿನ್ನೆ ಸ್ನಾನಕ್ಕೆ ನೆರವಾದವರೇ ಆಗಿರಬಹುದು. ಯಾವ ಡಬ್ಬಿ ಎಲ್ಲಿದೆ, ಯಾರಿಗೆ ಖಾರ ಆಗದು, ಯಾರ ಹುಟ್ಟುಹಬ್ಬ ಎಂದು ಎಂಬುದನ್ನು ಹೊಸಬರಿಗೆ ಕಲಿಸಬಲ್ಲವರು ಹತ್ತಿಪ್ಪತ್ತು ವರ್ಷಗಳಿಂದ ಅಲ್ಲಿ ನೆಲೆಸಿದ ಮೂಲ ಸದಸ್ಯರೇ.

ಹೋಗುವವರು, ಉಳಿಯುವವರು

ಈ ವ್ಯವಸ್ಥೆಯ ನೋವಿನ ಮುಖವನ್ನೂ ಹೇಳಲೇಬೇಕು. ಸ್ವಯಂಸೇವಕರು ವರ್ಷ ಮುಗಿದೊಡನೆ ಹೊರಡುತ್ತಾರೆ. ಮೂಲ ಸದಸ್ಯರು ಉಳಿಯುತ್ತಾರೆ. ಮೂವತ್ತು ವರ್ಷ ಅಲ್ಲಿ ಬಾಳಿದವರೊಬ್ಬರು ಎಷ್ಟು ಜನರನ್ನು ಹಚ್ಚಿಕೊಂಡು ಬೀಳ್ಕೊಟ್ಟಿರಬೇಕು! ಅಗಲಿಕೆಯನ್ನು ಮಾತಿನಲ್ಲಿ ಹೇಳಲಾರದವರು ಊಟ ಬಿಡಬಹುದು, ಸಿಟ್ಟಾಗಬಹುದು, ಮೌನಕ್ಕೆ ಶರಣಾಗಬಹುದು. ಆದ್ದರಿಂದ ಹೊರಡುವ ದಿನವನ್ನು ಮುಂಚಿತವಾಗಿ ತಿಳಿಸುವುದು, ಎಲ್ಲರೂ ಕೂಡಿ ಬೀಳ್ಕೊಡುವುದು, "ಮತ್ತೆ ಬರುತ್ತೇನೆ" ಎಂದು ಹೇಳಿದ್ದಾದರೆ ಆ ಮಾತನ್ನು ಉಳಿಸಿಕೊಳ್ಳುವುದು ಕರ್ತವ್ಯವೇ ಆಗಿದೆ. ಪಾಲಿಸಲಾಗದ ಮಾತನ್ನು ಕೊಡದಿರುವುದು ಇನ್ನೂ ಲೇಸು.

ಸದಾಶಯವೊಂದೇ ಸಾಲದು

ಒಳ್ಳೆಯ ಮನಸ್ಸಿನಿಂದ ಕಟ್ಟಿದ ಮನೆಗೂ ಕಾವಲು ಬೇಕು. ಲಾರ್ಶ್ ಚಳವಳಿಯ ಇತಿಹಾಸವೇ ಇದಕ್ಕೆ ಸಾಕ್ಷಿ. ಸ್ಥಾಪಕರಾದ ವನಿಯೆ 2019ರಲ್ಲಿ ನಿಧನರಾದಾಗ ಜಗತ್ತು ಅವರನ್ನು ಸಂತನೆಂಬಂತೆ ಸ್ಮರಿಸಿತು. ಮರುವರ್ಷವೇ, ಸಂಸ್ಥೆ ತಾನಾಗಿ ಹೊರಗಿನವರಿಂದ ಮಾಡಿಸಿದ ತನಿಖೆ ಅವರು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ತಿಳಿಸಿತು. 2023ರ ಅಧ್ಯಯನ ವರದಿ, ಹೀಗೆ ನೊಂದವರು ಕನಿಷ್ಠ 25 ಮಹಿಳೆಯರೆಂದು ಹೇಳಿತು. ಅವರಲ್ಲಿ ವಿಶೇಷಚೇತನರು ಇರಲಿಲ್ಲ. ಆಧ್ಯಾತ್ಮಿಕ ಮಾರ್ಗದರ್ಶನವನ್ನು ಅರಸಿ ಬಂದವರ ನಂಬಿಕೆಯೇ ಅಲ್ಲಿ ದುರುಪಯೋಗವಾಗಿತ್ತು. ಸಂಸ್ಥೆ ಇದನ್ನು ಮುಚ್ಚಿಡದೆ ಜಗತ್ತಿನ ಮುಂದಿಟ್ಟಿತು. ವ್ಯಕ್ತಿ ಎಷ್ಟೇ ಪೂಜ್ಯರಾಗಿರಲಿ, ಪ್ರಶ್ನಿಸುವ ವ್ಯವಸ್ಥೆ ಇಲ್ಲದ ಕಡೆ ದುರ್ಬಲರಿಗೆ ರಕ್ಷಣೆಯಿಲ್ಲ ಎಂಬ ಪಾಠ ಎಲ್ಲ ಧಾರ್ಮಿಕ, ಸಾಮಾಜಿಕ ಸಂಸ್ಥೆಗಳಿಗೂ ಅನ್ವಯಿಸುತ್ತದೆ ಎಂದು ನಾವು ಭಾವಿಸುತ್ತೇವೆ.

ಇನ್ನೊಂದು ತೊಡಕು ಬಾಟನ್ ಗ್ರಾಮದಲ್ಲಿ ಕಂಡುಬಂತು. ಸಂಬಳವಿಲ್ಲದೆ ಜೊತೆಗೆ ಬಾಳುವ ಪದ್ಧತಿಯನ್ನು ಬಿಟ್ಟು ಸಂಬಳದ ನೌಕರರ ವ್ಯವಸ್ಥೆಗೆ ಬರಬೇಕೆಂದು ಆಡಳಿತ ಟ್ರಸ್ಟ್ ಕಳೆದ ದಶಕದಲ್ಲಿ ನಿರ್ಧರಿಸಿದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ನೌಕರರಿದ್ದರೆ ಹೊಣೆಗಾರಿಕೆ, ಕೆಲಸದ ವೇಳೆ, ಮೇಲ್ವಿಚಾರಣೆ ಸ್ಪಷ್ಟವಾಗುತ್ತವೆ ಎಂಬುದು ಒಂದು ವಾದ. ಪಾಳಿ ಮುಗಿಸಿ ಮನೆಗೆ ಹೋಗುವವರು ಮನೆಯವರಾಗಲು ಸಾಧ್ಯವೇ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ನುರಿತ ಸಿಬ್ಬಂದಿಯ ಸ್ಥಾನವನ್ನು ಸ್ವಯಂಸೇವಕರು ತುಂಬಲಾರರು. ಸಂಬಳದಿಂದ ಬಂಧುತ್ವವನ್ನು ಕೊಳ್ಳಲೂ ಆಗದು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 5ನೇ ವಿಧಿಯು ವಿಶೇಷಚೇತನರಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ ಎನ್ನುತ್ತದೆ. ಇಂತಹದೇ ವಸತಿಯಲ್ಲಿ ಇರಬೇಕೆಂಬ ಕಡ್ಡಾಯಕ್ಕೆ ಅವರು ಒಳಗಾಗದಂತೆ ಸರ್ಕಾರ ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರಿಗಾಗಿ 1999ರ ಕಾಯ್ದೆಯಂತೆ ರಾಷ್ಟ್ರೀಯ ನ್ಯಾಸ ಸ್ಥಾಪನೆಯಾಗಿದೆ. ವಯಸ್ಕರ ಸಮೂಹ ವಸತಿಗಾಗಿ 'ಘರೌಂದಾ', ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗಾಗಿ 'ನಿರಾಮಯ' ಎಂಬ ಯೋಜನೆಗಳನ್ನು ಅದು ರೂಪಿಸಿದೆ. ಹದಿನೆಂಟು ತುಂಬಿದ ಮೇಲೆ ಪೋಷಕತ್ವದ ನೇಮಕಕ್ಕೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ತಂದೆ ತಾಯಂದಿರು ತಾವು ಗಟ್ಟಿಯಾಗಿರುವಾಗಲೇ ಈ ವಿಚಾರಗಳನ್ನು ತಿಳಿದುಕೊಳ್ಳುವುದು ಒಳಿತು.

ಸೇವೆಗೆ ಹೊರಡುವ ಮುನ್ನ

ಇಂತಹ ಮನೆಗಳಲ್ಲಿ ಸೇವೆ ಸಲ್ಲಿಸಬಯಸುವ ಯುವಜನರಿಗೆ ನಮ್ಮ ಕೆಲವು ಸೂಚನೆಗಳಿವೆ. ಸೇರುವ ಮೊದಲು ಆ ಮನೆಯಲ್ಲಿ ತರಬೇತಿಯುಂಟೇ, ವಾರಕ್ಕೊಂದು ದಿನ ಬಿಡುವುಂಟೇ, ದೂರುಗಳನ್ನು ಯಾರಿಗೆ ಹೇಳಬೇಕು ಎಂಬುದನ್ನು ಕೇಳಿ ತಿಳಿಯಿರಿ. ನಿಮ್ಮ ಪೂರ್ವಾಪರವನ್ನು ಅವರು ವಿಚಾರಿಸಿದರೆ ಬೇಸರಿಸಬೇಡಿ. ವಿಚಾರಿಸದೆ ಯಾರನ್ನಾದರೂ ಸೇರಿಸಿಕೊಳ್ಳುವ ಮನೆಯ ಬಗೆಗೇ ಸಂಶಯಪಡಿ. ವಯಸ್ಕರನ್ನು ವಯಸ್ಕರಂತೆಯೇ ಬಹುವಚನದಲ್ಲಿ ಮಾತನಾಡಿಸಿ. ಅವರ ಕೋಣೆಗೆ ಕದ ತಟ್ಟಿ ಹೋಗಿ. ಅವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆದು ಹಂಚಬೇಡಿ. ವರ್ಷವಿಡೀ ಇರಲಾಗದವರು ವಾರಕ್ಕೊಂದು ಸಂಜೆ ಕೊಡಬಹುದು. ಆ ಸಂಜೆ ತಪ್ಪದಿರಲಿ. ನಿಮಗಾಗಿ ಬಾಗಿಲ ಬಳಿ ಕಾಯುವವರು ಅಲ್ಲಿರುತ್ತಾರೆ.

ಅಷ್ಟೂ ಆಗದವರಿಗೆ ತಮ್ಮ ಓಣಿಯೇ ಇದೆ. ನೆರೆಮನೆಯಲ್ಲಿ ವಿಶೇಷಚೇತನ ಮಗನೊಂದಿಗಿರುವ ವೃದ್ಧ ತಾಯಿಯೊಬ್ಬರಿರಬಹುದು. ಆ ಮಗನನ್ನು ಜಾತ್ರೆಗೆ, ಪ್ರಸಾದದ ಪಂಕ್ತಿಗೆ, ಮದುವೆ ಮನೆಗೆ ಹೆಸರು ಹಿಡಿದು ಕರೆಯುವವರು ಹತ್ತು ಮಂದಿ ಇದ್ದರೆ, "ನಮ್ಮ ನಂತರ ಯಾರು?" ಎಂಬ ಆ ತಾಯಿಯ ಪ್ರಶ್ನೆಯ ಭಾರ ಇಂದೇ ಒಂದಿಷ್ಟು ಇಳಿಯುತ್ತದೆ.