ಗಾಲಿಬ್ ಹೊರಗಿಟ್ಟ ಕವಿತೆಗಳು

ಮಿರ್ಜಾ ಗಾಲಿಬ್ ಹೆಸರು ಕೇಳದ ಮನೆ ನಮ್ಮಲ್ಲಿ ಕಡಿಮೆ. ಉರ್ದು ಬಾರದವರೂ ಅವರ ಒಂದೆರಡು ಗಝಲ್‌ಗಳನ್ನು ಹಾಡಿನಲ್ಲಾದರೂ ಕೇಳಿರುತ್ತಾರೆ. ಆದರೆ ಈ ಗಾಲಿಬ್ ತಾವು ಬರೆದದ್ದರಲ್ಲಿ ದೊಡ್ಡ ಪಾಲನ್ನು ತಾವೇ ಹೊರಗಿಟ್ಟವರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

1797ರಲ್ಲಿ ಆಗ್ರಾದಲ್ಲಿ ಹುಟ್ಟಿದ ಅಸದುಲ್ಲಾ ಖಾನ್ ಸಣ್ಣ ಪ್ರಾಯದಲ್ಲೇ ಬರೆಯಲು ಶುರು ಮಾಡಿದರು. ಆಗ ಅವರಿಗೆ ಹುಚ್ಚು ಹಿಡಿಸಿದ್ದು ಫಾರಸಿ ಕವಿ ಬೇದಿಲ್. ಬೇದಿಲ್ ಕಾವ್ಯ ಬಹಳ ಕಷ್ಟದ್ದು. ಅದೇ ಧಾಟಿಯನ್ನು ಉರ್ದುವಿಗೆ ತರಲು ಹೊರಟ ಹುಡುಗನ ಕೆಲವು ಸಾಲುಗಳಲ್ಲಿ ಕ್ರಿಯಾಪದ ಒಂದು ಬಿಟ್ಟರೆ ಉಳಿದದ್ದೆಲ್ಲ ಫಾರಸಿ! ಇವರ ಕವಿತೆ ಅರ್ಥವೇ ಆಗುವುದಿಲ್ಲ ಎಂದು ದೆಹಲಿಯವರು ತಮಾಷೆ ಮಾಡಿದ್ದೂ ಉಂಟು.

ವಯಸ್ಸಾದ ಮೇಲೆ ಒಂದು ಪತ್ರದಲ್ಲಿ ಗಾಲಿಬ್ ಇದನ್ನೆಲ್ಲ ನೆನಪಿಸಿಕೊಂಡರು. 15ರಿಂದ 25ರ ಪ್ರಾಯದವರೆಗೆ ಬರೀ ಕಲ್ಪನೆಯ ಸಂಗತಿಗಳನ್ನೇ ಬರೆದೆ, ಹತ್ತು ವರ್ಷದಲ್ಲಿ ದೊಡ್ಡ ದಿವಾನ್ ಆಯಿತು, ವಿವೇಚನೆ ಬಂದಾಗ ಅದನ್ನು ದೂರ ಮಾಡಿದೆ, ಮಾದರಿಗೆಂದು ಹತ್ತು ಹದಿನೈದು ಶೇರ್ ಮಾತ್ರ ಉಳಿಸಿದೆ ಎಂಬುದು ಅದರ ಸಾರಾಂಶ. 1841ರಲ್ಲಿ ಅವರ ಉರ್ದು ದಿವಾನ್ ಮೊದಲ ಸಲ ಅಚ್ಚಾದಾಗ ಅದೊಂದು ತೆಳ್ಳಗಿನ ಪುಸ್ತಕ. ಇದರ ಹೊರಗೆ ಸಿಗುವ ಶೇರ್‌ಗಳನ್ನು ನನ್ನದೆಂದು ಎಣಿಸಬೇಡಿ ಎಂದು ಮುನ್ನುಡಿಯಲ್ಲೇ ಕೇಳಿಕೊಂಡರು.

ಜನ ನಕ್ಕದ್ದಕ್ಕೆ ಹೆದರಿ ಬಿಟ್ಟರೋ? ನನಗೆ ಹಾಗೆ ಅನಿಸುವುದಿಲ್ಲ. ದಿವಾನಿನ ಮೊಟ್ಟಮೊದಲ ಗಝಲ್ ನೋಡಿ, ಅದು ಅವರು ಇಪ್ಪತ್ತು ದಾಟುವ ಮೊದಲೇ ಬರೆದದ್ದು, ಅದೂ ಅದೇ ಕಷ್ಟದ ಧಾಟಿಯಲ್ಲಿ. ಅದರ ಅರ್ಥ ಏನೆಂದು ಮುದಿಪ್ರಾಯದಲ್ಲೂ ಅವರು ಪತ್ರ ಬರೆದು ವಿವರಿಸಬೇಕಾಯಿತು. ಆದರೂ ಅದನ್ನು ಎದುರಿಗೇ ಇಟ್ಟರು. ಅಂದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಬಿಟ್ಟದ್ದಲ್ಲ, ಒಂದೊಂದನ್ನೂ ತೂಗಿ ನೋಡಿದ್ದಾರೆ. ಮದರಸದ ಮಕ್ಕಳು ತಮ್ಮ ಹಳೆಯ ಅರಬಿ ಬರಹದ ಪುಸ್ತಕ ಸಿಕ್ಕಿದರೆ ನಕ್ಕು ಹರಿಯಲು ನೋಡುತ್ತಾರೆ. ಅದರಲ್ಲೂ ಒಂದು ಅಕ್ಷರ ಚಂದ ಬಂದಿರುತ್ತದೆ, ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಗಾಲಿಬ್ 1869ರಲ್ಲಿ ತೀರಿಕೊಂಡರು. ಅವರ ಕೋರಿಕೆ ಮಾತ್ರ ನಡೆಯಲಿಲ್ಲ. 1821ರ ಒಂದು ಹಸ್ತಪ್ರತಿ ಭೋಪಾಲದಲ್ಲಿ ಸಿಕ್ಕಿ, ಬರೋಬ್ಬರಿ ನೂರು ವರ್ಷದ ನಂತರ 1921ರಲ್ಲಿ ಅಚ್ಚಾಯಿತು. 1969ರಲ್ಲಿ ಇನ್ನೂ ಹಳೆಯದು, 1816ರದ್ದು, ಬೆಳಕಿಗೆ ಬಂತು. ಕವಿ ಬೇಡವೆಂದದ್ದನ್ನು ಅಚ್ಚು ಹಾಕಬಹುದಾ ಎಂಬ ಪ್ರಶ್ನೆ ಸಣ್ಣದಲ್ಲ. ಆದರೆ ಬಯಕೆಯ ಎರಡನೇ ಹೆಜ್ಜೆ ಎಲ್ಲಿ ಎಂದು ದೇವರನ್ನೇ ಕೇಳುವ ಶೇರ್, ಇವತ್ತು ಎಷ್ಟೋ ಮಂದಿ ಬಾಯಿಪಾಠ ಹೇಳುವಂಥದ್ದು, ಅವರು ಹೊರಗಿಟ್ಟ ರಾಶಿಯಲ್ಲೇ ಇತ್ತು! ತನ್ನ ಬರಹ ತೂಗುವಾಗ ಗಾಲಿಬರಂಥವರ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ ಅಂತಲೇ ನಾನು ಹೇಳುವುದು.

ರಾಂಪುರದ ಗ್ರಂಥಾಲಯದಲ್ಲಿದ್ದ ವಿದ್ವಾಂಸ ಇಮ್ತಿಯಾಝ್ ಅಲಿ ಅರ್ಶಿ 1958ರಲ್ಲಿ ಒಂದು ಉಪಾಯ ಮಾಡಿದರು. ಗಾಲಿಬ್ ಬಿಟ್ಟ ಹಳೆಯ ಕವಿತೆಗಳನ್ನು ಒಂದು ಭಾಗದಲ್ಲಿ, ಅವರೇ ಒಪ್ಪಿದ ದಿವಾನನ್ನು ಇನ್ನೊಂದು ಭಾಗದಲ್ಲಿ ಇಟ್ಟು, ಬೆರೆಸದೆ ಒಂದೇ ಪುಸ್ತಕವಾಗಿ ಹೊರತಂದರು. ಯಾವುದನ್ನು ಇಟ್ಟರು, ಯಾವುದನ್ನು ಬಿಟ್ಟರು ಎಂದು ಓದುವವರು ಈಗ ತಾವೇ ಹೋಲಿಸಿ ನೋಡಬಹುದು.