ಮನೆಯ ಮೀನುತೊಟ್ಟಿಗೊಬ್ಬ ನೀರಗಂಟಿ

ನಮ್ಮ ಹಳ್ಳಿಗಳ ಕೆರೆಗಳನ್ನು ಕಂಡವರಿಗೆ ತೂಬು, ಕೋಡಿ, ನೀರಗಂಟಿ ಎಂಬ ಮಾತುಗಳು ಹೊಸವಲ್ಲ. ಬೇಕಾದಾಗ ಬೇಕಾದಷ್ಟು ನೀರನ್ನು ಗದ್ದೆಗೆ ಬಿಡುವುದು ತೂಬು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ತಾನಾಗಿಯೇ ಹರಿದುಹೋಗುವ ದಾರಿ ಕೋಡಿ. ನೀರಿನ ಮಟ್ಟವನ್ನು ನೋಡಿಕೊಂಡು ತೂಬನ್ನು ತೆಗೆದು ಮುಚ್ಚುವವನು ನೀರಗಂಟಿ. ಇವುಗಳಲ್ಲಿ ಒಂದು ತಪ್ಪಿದರೂ ಊರಿಗೆ ಕೇಡು ತಪ್ಪಿದ್ದಲ್ಲ.

ಈ ಹಳೆಯ ಏರ್ಪಾಟನ್ನು ಈಗೇಕೆ ನೆನೆದೆನೆಂದರೆ, ಪಟ್ಟಣದ ಮಾಳಿಗೆಯ ಮೇಲೆ ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಬೆಳೆಸುವ ಪದ್ಧತಿಗೂ ಅದೇ ನಿಯಮಗಳು ಸಲ್ಲುತ್ತವೆ. ಇದನ್ನು ಅಕ್ವಾಪೋನಿಕ್ಸ್ ಎನ್ನುತ್ತಾರೆ. ಮನೆಯ ಮಟ್ಟದಲ್ಲಿ ಇದನ್ನು ನಡೆಸುವ ಬಗೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೪ರಲ್ಲಿ ಒಂದು ಕೈಪಿಡಿಯಾಗಿಯೇ ಪ್ರಕಟಿಸಿತು. ಮೀನು ತಿನ್ನದ ಮನೆಯವರೂ ಇದನ್ನು ಮಾಡಬಹುದು. ಬಣ್ಣದ ಮೀನುಗಳನ್ನು ಸಾಕಿ, ಪುದೀನ, ಬಸಳೆ, ಪಾಲಕಗಳನ್ನು ಮಾತ್ರ ಅಡಿಗೆಮನೆಗೆ ತರಬಹುದು.

ಇದರ ತತ್ತ್ವ ಸುಲಭವಾದುದು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಕ್ಕೆ ಬಿಡುತ್ತದೆ. ಅದು ನೀರಿನಲ್ಲಿ ಸೇರುತ್ತ ಹೋದರೆ ಮೀನಿಗೇ ವಿಷವಾಗುತ್ತದೆ. ಆದರೆ ಈ ನೀರನ್ನು ಪಂಪಿನಿಂದ ಎತ್ತಿ ಜಲ್ಲಿಕಲ್ಲು ತುಂಬಿದ ಪಾತಿಗೆ ಹರಿಸಿದರೆ, ಕಲ್ಲಿನ ಮೈಗೆ ಅಂಟಿಕೊಂಡಿರುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಶುದ್ಧವಾಗಿ ಮೀನಿನ ತೊಟ್ಟಿಗೆ ಮರಳುತ್ತದೆ. ಹೀಗೆ ನೀರಿನ ಓಟವೇ ಇದರ ಉಸಿರು. ಓಟ ನಿಂತರೆ ಎಲ್ಲವೂ ನಿಂತ ಹಾಗೆ.

ಓಟವು ತಪ್ಪು ದಾರಿ ಹಿಡಿದರೂ ಅಷ್ಟೇ ಕೇಡು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ರಾತ್ರಿ ನಮ್ಮ ಮಾಳಿಗೆಯ ಪಾತಿಯಲ್ಲಿ ಪುದೀನದ ಬೇರು ಹೊರಗೊಳವೆಯನ್ನು ಕಟ್ಟಿಬಿಟ್ಟಿತು. ಪಾತಿ ತುಂಬಿ ನೀರು ಮಾಳಿಗೆಯ ಮೇಲೆ ಹರಿಯತೊಡಗಿತು. ಪಂಪಿಗೇನು ಗೊತ್ತು? ಅದು ತೊಟ್ಟಿಯ ತಳದಲ್ಲಿ ಕುಳಿತು ನೀರನ್ನು ಎತ್ತುತ್ತಲೇ ಇತ್ತು. ಬೆಳಗ್ಗೆ ಹೋಗಿ ನೋಡಿದಾಗ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು. ಹನ್ನೊಂದು ಮೀನುಗಳಲ್ಲಿ ಏಳು ಸತ್ತಿದ್ದವು. ನಾನು ಕೆರೆ ಕಟ್ಟಿದ್ದೆ. ಕೋಡಿಯನ್ನು ಇಟ್ಟಿರಲಿಲ್ಲ, ನೀರಗಂಟಿಯನ್ನು ನೇಮಿಸಿರಲಿಲ್ಲ.

ಆದುದರಿಂದ, ವಾಚಕರೇ, ಮೊದಲು ಲೆಕ್ಕ ಮಾಡಿಕೊಳ್ಳಿ. ತೊಟ್ಟಿಯ ತಳ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲವಿದ್ದು, ನೀರು ೮೦ ಸೆಂಟಿಮೀಟರ್ ಆಳವಿದೆಯೆನ್ನೋಣ. ಅಲ್ಲಿಗೆ ೮೦೦ ಲೀಟರ್ ನೀರು. ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ೧೦ ಲೀಟರ್ ಹೋಯಿತೆಂದು ಅರ್ಥ. ಅಷ್ಟೇ ಉದ್ದಗಲದ ಪಾತಿಯಲ್ಲಿ ನೀರು ೨೫ ಸೆಂಟಿಮೀಟರ್ ಏರುವುದಾದರೆ ಆ ಜಾಗ ೨೫೦ ಲೀಟರಿನಷ್ಟು. ಆದರೆ ಬಹುಭಾಗವನ್ನು ಕಲ್ಲೇ ತುಂಬಿರುವುದರಿಂದ ಸಂದುಗಳಲ್ಲಿ ಹಿಡಿಯುವ ನೀರು ಸುಮಾರು ೧೦೦ ಲೀಟರ್. ಎಂದರೆ ಪಾತಿ ತುಂಬಿದಾಗ ತೊಟ್ಟಿಯ ಮಟ್ಟ ೧೦ ಸೆಂಟಿಮೀಟರ್ ಇಳಿದು ೭೦ಕ್ಕೆ ಬರುತ್ತದೆ. ಪಾತಿ ಬರಿದಾದಾಗ ಮತ್ತೆ ೮೦ಕ್ಕೆ ಏರುತ್ತದೆ. ಇದು ರೋಗವಲ್ಲ, ಅದರ ಉಸಿರಾಟ. ಮಟ್ಟವು ೭೦ಕ್ಕಿಂತ ಕೆಳಗೆ ಇಳಿದರೆ ಮಾತ್ರ ಸೋರಿಕೆಯನ್ನೋ, ಅಡಚಣೆಯನ್ನೋ, ಆವಿಯಾದ ನೀರನ್ನೋ ಶಂಕಿಸಬೇಕು. ಆವಿಯಾಗುವುದು ದಿನದಿನವೂ ಸ್ವಲ್ಪಸ್ವಲ್ಪ. ಸೋರಿಕೆಯಾದರೋ ಗಂಟೆಗಳ ಮಾತು. ದಿನವೂ ಒಂದೇ ಹೊತ್ತಿನಲ್ಲಿ, ಪಾತಿ ಬರಿದಾದ ಕ್ಷಣದಲ್ಲಿ ಮಟ್ಟವನ್ನು ಬರೆದಿಟ್ಟರೆ ಈ ಭೇದ ತಾನಾಗಿ ತಿಳಿಯುತ್ತದೆ.

ಇನ್ನು ಕಾವಲಿನ ಮಾತು. ವಿದ್ಯುತ್ತಿಲ್ಲದ ಕಾವಲನ್ನು ಮೊದಲು ಮಾಡಿ. ಪಾತಿಗೆ ಒಂದು ಕೋಡಿಗೊಳವೆ ಇರಲಿ. ಅದು ಒಳಬರುವ ಗೊಳವೆಗಿಂತ ದಪ್ಪವಾಗಿದ್ದು, ಹೆಚ್ಚಿನ ನೀರನ್ನು ನೇರವಾಗಿ ಮೀನಿನ ತೊಟ್ಟಿಗೇ ಮರಳಿಸಲಿ. ಪಂಪನ್ನು ತಳದಲ್ಲಿ ಇಡದೆ ಅದರ ಬಾಯಿ ತಳದಿಂದ ೪೦ ಸೆಂಟಿಮೀಟರ್ ಎತ್ತರದಲ್ಲಿರುವಂತೆ ಪೀಠದ ಮೇಲಿಡಿ. ಆಗ ಎಂಥ ಅನಾಹುತವಾದರೂ ಪಂಪು ೪೦೦ ಲೀಟರಿಗಿಂತ ಕೆಳಗೆ ತೊಟ್ಟಿಯನ್ನು ಬರಿದು ಮಾಡಲಾರದು. ಇಷ್ಟನ್ನು ಮಾಡಿದ್ದರೆ ನನ್ನ ಏಳು ಮೀನುಗಳು ಉಳಿಯುತ್ತಿದ್ದವು.

ಎರಡನೆಯದು ತೇಲುಗುಂಡಿನ ಸ್ವಿಚ್ಚು. ಶೌಚಗೃಹದ ಫ್ಲಷ್ ತೊಟ್ಟಿಯಲ್ಲಿ ತೇಲುವ ಗುಂಡನ್ನು ನೀವು ನೋಡಿದ್ದೀರಿ. ಇದೂ ಅದರ ದಾಯಾದಿ. ಗುಂಡಿನೊಳಗೆ ಒಂದು ಅಯಸ್ಕಾಂತ, ಅದು ಏರಿಳಿಯುವ ಕಡ್ಡಿಯೊಳಗೆ ಎರಡು ತೆಳು ಲೋಹದ ನಾಲಗೆಗಳು. ಗುಂಡು ಹತ್ತಿರ ಬಂದಾಗ ನಾಲಗೆಗಳು ಕೂಡಿ ವಿದ್ಯುತ್ತು ಹರಿಯುತ್ತದೆ; ದೂರ ಹೋದಾಗ ಅಗಲುತ್ತವೆ. ಈ ಸೂಕ್ಷ್ಮ ನಾಲಗೆಗಳು ಪಂಪಿನ ವಿದ್ಯುತ್ತನ್ನು ತಾವೇ ಹೊರಲಾರವು. ಆದಕಾರಣ ಇವುಗಳಲ್ಲಿ ೧೨ ವೋಲ್ಟಿನ ಸಣ್ಣ ಪ್ರವಾಹವನ್ನು ಮಾತ್ರ ಹರಿಸಿ, ಅದರಿಂದ ರಿಲೇ ಎಂಬ ಸಾಧನವನ್ನು ನಡೆಸಿ, ರಿಲೇಯ ಮೂಲಕ ಪಂಪನ್ನು ಹಚ್ಚಿ ಆರಿಸಬೇಕು. ಗುಂಡು ಮೇಲಿರುವಾಗ ನಾಲಗೆಗಳು ಕೂಡಿರುವಂತೆ ಜೋಡಿಸಿದರೆ, ತಂತಿ ಕಡಿದುಹೋದರೂ ನೀರಿಲ್ಲವೆಂದೇ ತಿಳಿದು ಪಂಪು ನಿಲ್ಲುತ್ತದೆ. ಕಾವಲುಗಾರನೇ ಮೂರ್ಛೆಹೋದಾಗ ಬಾಗಿಲು ತೆರೆದಿರುವುದಕ್ಕಿಂತ ಮುಚ್ಚಿರುವುದು ಲೇಸು.

ನಿಲ್ಲಿಸುವ ಗುರುತೂ ಹಚ್ಚುವ ಗುರುತೂ ಒಂದೇ ಆಗಕೂಡದು. ಒಂದೇ ಆದರೆ ನೀರಿನ ಅಲೆಗೆ ಪಂಪು ಕ್ಷಣಕ್ಕೊಮ್ಮೆ ಹತ್ತಿ ಆರಿ ಕೆಟ್ಟುಹೋಗುತ್ತದೆ. ನಮ್ಮ ಲೆಕ್ಕದ ತೊಟ್ಟಿಯಲ್ಲಿ ೬೫ಕ್ಕೆ ಎಚ್ಚರಿಕೆಯ ಗಂಟೆ, ೬೦ಕ್ಕೆ ಪಂಪಿನ ನಿಲುಗಡೆ ಎಂದಿಡಿ. ಪಂಪು ನಿಂತ ಮೇಲೆ ಪಾತಿಯ ನೀರು ಇಳಿದುಬಂದು ಮಟ್ಟವನ್ನು ೭೦ರವರೆಗೆ ಏರಿಸಬಹುದು. ಅದಕ್ಕೆ ಮೋಸಹೋಗಿ ಪಂಪು ಮತ್ತೆ ತಿರುಗಬಾರದಾದ್ದರಿಂದ, ಹಚ್ಚುವ ಗುರುತನ್ನು ೭೦ಕ್ಕಿಂತ ಮೇಲೆ, ೭೩ರಲ್ಲಿಡುವುದು ಯುಕ್ತ.

ಶಬ್ದದಿಂದ ಮಟ್ಟವನ್ನು ಅಳೆಯುವ ಸಾಧನವೂ ಈಗ ಅಗ್ಗವಾಗಿ ದೊರೆಯುತ್ತದೆ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಅದು ನೀರಿನ ಮೇಲೆ ಬಿಟ್ಟು, ಪ್ರತಿಧ್ವನಿ ಬರುವ ಹೊತ್ತನ್ನು ಎಣಿಸುತ್ತದೆ. ೨೦ ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರ್. ಹೊತ್ತು ಗೊತ್ತಾದರೆ ದೂರವೂ ಗೊತ್ತಾಯಿತು. ಆದರೆ ಅದರ ಮುಖಕ್ಕೆ ಹನಿ ಹಿಡಿದರೆ ಸುಳ್ಳು ಹೇಳುತ್ತದೆ. ಆದುದರಿಂದ ಮಟ್ಟವನ್ನು ತಿಳಿಯುವುದಕ್ಕೆ ಅದನ್ನಿಟ್ಟುಕೊಂಡರೂ ಪ್ರಾಣರಕ್ಷಣೆಯ ಕೆಲಸವನ್ನು ತೇಲುಗುಂಡಿಗೇ ಬಿಡಿ.

ಪಂಪು ನಿಂತಾಗ ಮೀನಿನ ಉಸಿರಿನ ಗತಿಯೇನು? ಗಾಳಿಯೂದುವ ಸಣ್ಣ ಯಂತ್ರವೊಂದು ಬೇರೆಯಾಗಿಯೇ ಇದ್ದು, ವಿದ್ಯುತ್ತು ಹೋದರೂ ಬ್ಯಾಟರಿಯಿಂದ ನಡೆಯುವಂತಿರಬೇಕು. ಬೇಸಗೆಯಲ್ಲಿ ಇದು ಇನ್ನೂ ಅಗತ್ಯ. ೨೦ ಡಿಗ್ರಿಯ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, ೩೦ ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ.

ನೀರು ಕಡಮೆಯಾದಾಗ ನಲ್ಲಿಯ ನೀರು ತಾನಾಗಿ ಬಂದು ತುಂಬುವಂತೆ ಮಾಡುವುದು ಜಾಣತನವೆಂದು ತೋರುತ್ತದೆ. ಅದರಲ್ಲಿ ಒಂದು ಅಪಾಯವಿದೆ. ಎಲ್ಲಿಯೋ ಸೋರಿದರೆ ನಲ್ಲಿ ಸುರಿಯುತ್ತಲೇ ಇರುತ್ತದೆ. ಮಟ್ಟ ಇಳಿಯದುದರಿಂದ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ನಲ್ಲಿನೀರಿನ ಕ್ಲೋರಿನ್ ಮಾತ್ರ ಮೀನನ್ನೂ ಕಲ್ಲಿಗಂಟಿದ ಸೂಕ್ಷ್ಮಜೀವಿಗಳನ್ನೂ ಸದ್ದಿಲ್ಲದೆ ಕೊಲ್ಲುತ್ತದೆ. ಅದಕ್ಕೆ ಬದಲಾಗಿ ೫೦ ಲೀಟರಿನ ಒಂದು ಪೀಪಾಯಿಯಲ್ಲಿ ಒಂದು ದಿನವಾದರೂ ಬಾಯಿ ತೆರೆದಿಟ್ಟ ನೀರನ್ನು ಇರಿಸಿಕೊಂಡು ಅದರಿಂದ ತುಂಬಿಸಿ. ಪೀಪಾಯಿ ಬೇಗ ಬರಿದಾದರೆ ಅದೇ ನಿಮಗೆ ಸೋರಿಕೆಯ ಸುದ್ದಿ.

ಕೊನೆಯದಾಗಿ ಮನೆಮಂದಿಯ ಪ್ರಾಣದ ಮಾತು. ನೀರೂ ವಿದ್ಯುತ್ತೂ ಒಂದೆಡೆ ಇರುವಲ್ಲಿ, ೩೦ ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ರಕ್ಷಕ ಸ್ವಿಚ್ಚನ್ನು ಬಲ್ಲವರಿಂದ ಹಾಕಿಸದೆ ಪಂಪನ್ನು ಹಚ್ಚಬೇಡಿ. ತೊಟ್ಟಿಗೆ ಕೈಯಿಡುವ ಮೊದಲು ಪ್ಲಗ್ಗನ್ನು ಕೀಳಿರಿ. ಮಕ್ಕಳಿಗೂ ಇದನ್ನು ಕಲಿಸಿ.

ಇಷ್ಟೆಲ್ಲ ಆದ ಮೇಲೂ ವಾರಕ್ಕೊಮ್ಮೆ ತೇಲುಗುಂಡನ್ನು ಕೈಯಿಂದ ಒತ್ತಿ, ಪಂಪು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಹೊರಗೊಳವೆಯ ಬಾಯಲ್ಲಿ ಬೇರು ಹೊಕ್ಕಿದೆಯೇ ಎಂದು ನೋಡಿ. ಊರ ನೀರಗಂಟಿ ದಿನವೂ ಏರಿಯ ಮೇಲೆ ನಡೆದು ನೋಡುತ್ತಿದ್ದನು. ನಮ್ಮ ಏರಿ ಹತ್ತು ಹೆಜ್ಜೆಯದು. ಬೆಳಗಿನ ಕಾಫಿಗೆ ಮುಂಚೆ ನಡೆದು ಬರಬಹುದು.